ದೂರದ ಧಾರೆಯ ಕ್ಷ-ಕಿರಣಗಳು

ಕೈಮೂಳೆ ಮುರಿದರೆ ವೈದ್ಯರು ಕ್ಷ-ಕಿರಣದ ಚಿತ್ರ ತೆಗೆಸಲು ಹೇಳುತ್ತಾರೆ. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಕಂಡುಹಿಡಿದ ಈ ಕಿರಣಗಳು ಆಕಾಶದಿಂದಲೂ ಬರುತ್ತವೆ. ಆದರೆ ನಮ್ಮ ವಾಯುಮಂಡಲವು ಅವನ್ನು ಮೇಲೆಯೇ ಹೀರಿಬಿಡುತ್ತದೆ. ಆದುದರಿಂದ ಅವುಗಳನ್ನು ನೋಡಲು ದೂರದರ್ಶಕವನ್ನೇ ವಾಯುಮಂಡಲದ ಆಚೆಗೆ ಕಳುಹಿಸಬೇಕು. 1999ರಲ್ಲಿ ಅಮೆರಿಕವು ಹಾರಿಸಿದ ಅಂಥ ಒಂದು ದೂರದರ್ಶಕಕ್ಕೆ ಭಾರತೀಯ ಮೂಲದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರರ ನೆನಪಿಗಾಗಿ 'ಚಂದ್ರ' ಎಂದು ಹೆಸರಿಡಲಾಯಿತು.

ಈ ದೂರದರ್ಶಕವು ನೋಡಿದ ವಿಸ್ಮಯಗಳಲ್ಲಿ ಎಂ-87 ಒಂದು. ಇದು ಕನ್ಯಾ ರಾಶಿಯ ದಿಕ್ಕಿನಲ್ಲಿ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ದೊಡ್ಡ ಗೆಲಾಕ್ಸಿ. ಅದರ ನಡುವಿನಿಂದ ಹೊರಟ ನೇರವಾದ ಬೆಳಕಿನ ಗೆರೆಯೊಂದನ್ನು 1918ರಲ್ಲಿಯೇ ಹೀಬರ್ ಕರ್ಟಿಸ್ ಎಂಬ ಖಗೋಳಜ್ಞರು ಗುರುತಿಸಿದ್ದರು. ಆ ಗೆರೆ ಏನು?

ಎಂ-87ರ ಕೇಂದ್ರದಲ್ಲಿ ಸುಮಾರು 650 ಕೋಟಿ ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪು ಕುಳಿ ಇದೆ. ಅದರ ನೆರಳಿನ ಚಿತ್ರ 2019ರಲ್ಲಿ ಪ್ರಕಟವಾಯಿತು. ಕುಳಿಯೊಳಗಿಂದ ಬೆಳಕು ಹೊರಬರಲಾರದು. ಆದರೆ ಅದರ ಸುತ್ತ ಸುಳಿಯುವ ದ್ರವ್ಯವೆಲ್ಲವೂ ಒಳಗೆ ಬೀಳುವುದಿಲ್ಲ. ಒಂದಂಶವು ಪ್ರಬಲ ಕಾಂತಕ್ಷೇತ್ರದ ಬಲದಿಂದ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಧಾರೆಯಾಗಿ ಹೊರಚಿಮ್ಮುತ್ತದೆ. ಧಾರೆಯ ಉದ್ದ ಸುಮಾರು 5,000 ಜ್ಯೋತಿರ್ವರ್ಷ. ಕೇಂದ್ರದಲ್ಲಿ ಇಂಥ ಚಟುವಟಿಕೆಯಿರುವುದನ್ನು ಸಕ್ರಿಯ ಗೆಲಾಕ್ಸಿ ಎನ್ನುತ್ತಾರೆ.

ಧಾರೆಯಲ್ಲಿರುವ ಇಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಕಿರಣಗಳನ್ನು ಸೂಸುತ್ತವೆ. ಕಡಿಮೆ ಶಕ್ತಿಯವು ರೇಡಿಯೋ ಅಲೆಗಳನ್ನೂ, ಅತ್ಯಧಿಕ ಶಕ್ತಿಯವು ಕ್ಷ-ಕಿರಣಗಳನ್ನೂ ಕೊಡುತ್ತವೆ. ಆದರೆ ಹೆಚ್ಚು ಗಳಿಸಿದವನು ಬೇಗ ಖರ್ಚುಮಾಡಿದಂತೆ, ಕ್ಷ-ಕಿರಣ ಸೂಸುವ ಇಲೆಕ್ಟ್ರಾನು ಕೆಲವೇ ವರ್ಷಗಳಲ್ಲಿ, ಹೆಚ್ಚೆಂದರೆ ಕೆಲವು ದಶಕಗಳಲ್ಲಿ, ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಧಾರೆಯ ತುದಿ ಮುಟ್ಟಲು ಬೆಳಕಿಗೇ ಸಾವಿರಾರು ವರ್ಷ ಬೇಕು. ಹಾಗಿದ್ದರೂ ಕೇಂದ್ರದಿಂದ ಅಷ್ಟು ದೂರದಲ್ಲಿ ಕ್ಷ-ಕಿರಣಗಳು ಕಾಣುವುದು ಹೇಗೆ?

ದೇವರ ಉತ್ಸವದ ದೀವಟಿಗೆಯನ್ನು ನೆನೆಯಿರಿ. ಹೊರಡುವಾಗ ಎರೆದ ಎಣ್ಣೆ ಊರ ಕೊನೆಯವರೆಗೆ ಸಾಲದು. ದಾರಿಯಲ್ಲಿ ಮತ್ತೆ ಮತ್ತೆ ಎರೆಯಬೇಕು. ಹಾಗೆಯೇ ಇಲೆಕ್ಟ್ರಾನುಗಳಿಗೂ ದಾರಿಯಲ್ಲಿಯೇ ಹೊಸ ಶಕ್ತಿ ಸಿಗುತ್ತಿರಬೇಕು. ಇದಕ್ಕೆ ಸಾಕ್ಷಿಯೂ ಉಂಟು. ಕುಳಿಯಿಂದ ನೂರಾರು ಜ್ಯೋತಿರ್ವರ್ಷ ದೂರದಲ್ಲಿ, ಧಾರೆಯ ಒಂದು ಗಂಟು 2000ದಿಂದ 2005ರೊಳಗೆ ಕ್ಷ-ಕಿರಣಗಳಲ್ಲಿ ಐವತ್ತು ಪಟ್ಟಿಗೂ ಹೆಚ್ಚು ಪ್ರಕಾಶಮಾನವಾಗಿ, ಅನಂತರ ಮಂಕಾದುದನ್ನು 'ಚಂದ್ರ' ಕಂಡಿತು.

ಎಣ್ಣೆ ಎರೆಯುವವರು ಯಾರು? ಧಾರೆಯೊಳಗಿನ ಆಘಾತದ ಅಲೆಗಳೆಂದು ಕೆಲವರೂ, ಕಾಂತಕ್ಷೇತ್ರದ ಎಳೆಗಳು ತುಂಡಾಗಿ ಮತ್ತೆ ಕೂಡುವುದರಿಂದಲೆಂದು ಕೆಲವರೂ ಹೇಳುತ್ತಾರೆ. ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಇಂದು ಭೌತಶಾಸ್ತ್ರದ ಮೊದಲ ಪಾಠ ಓದುತ್ತಿರುವ ನಿಮ್ಮಂಥವರಿಗೂ ಅದರಲ್ಲಿ ಪಾಲಿದೆ.