ಗುರುಗ್ರಹಕ್ಕೆ ಬಿದ್ದ ಏಟುಗಳು

ಚಂದ್ರನ ಮೇಲೆ ಬಂಡೆ ಅಪ್ಪಳಿಸಿದರೆ ಕುಳಿ ಕೋಟ್ಯಂತರ ವರ್ಷ ಉಳಿಯುತ್ತದೆ. ಗುರುಗ್ರಹಕ್ಕೆ ಕುಳಿ ಬೀಳುವಂಥ ಗಟ್ಟಿ ನೆಲವಿಲ್ಲ. ಎಷ್ಟೇ ದೊಡ್ಡ ಏಟು ಬಿದ್ದರೂ ಮೋಡಗಳಲ್ಲಿ ಮೂಡುವ ಕಲೆಯನ್ನು ಅಲ್ಲಿನ ಗಾಳಿ ಕೆಲವೇ ತಿಂಗಳಲ್ಲಿ ಚದುರಿಸಿಬಿಡುತ್ತದೆ. ಬಿದ್ದ ಹೊತ್ತಿಗೆ ನೋಡಿದವರಿಗಷ್ಟೇ ಅದು ದಕ್ಕುವುದು.

1994ರಲ್ಲಿ ಆ ಭಾಗ್ಯ ಇಡೀ ಜಗತ್ತಿಗೆ ಒದಗಿತು. ಹಿಂದಿನ ವರ್ಷ ಕ್ಯಾಲಿಫೋರ್ನಿಯಾದ ಪಾಲೋಮಾರ್‌ನಲ್ಲಿ ಕ್ಯಾರೊಲಿನ್ ಮತ್ತು ಯೂಜೀನ್ ಶೂಮೇಕರ್ ದಂಪತಿ, ಡೇವಿಡ್ ಲೆವಿ ಜೊತೆಗೂಡಿ ಒಂದು ಧೂಮಕೇತುವನ್ನು ಪತ್ತೆಹಚ್ಚಿದ್ದರು. ಅದು ಗುರುವನ್ನೇ ಸುತ್ತುತ್ತಿತ್ತು. 1992ರಲ್ಲಿ ತೀರಾ ಹತ್ತಿರ ಸುಳಿದಾಗ ಗ್ರಹವು ಅದರ ಈಚೆ ಬದಿಯನ್ನು ಆಚೆ ಬದಿಗಿಂತ ಜೋರಾಗಿ ಎಳೆದಿತ್ತು. ಆ ಎಳೆತಕ್ಕೆ ಸಿಕ್ಕಿ ಒಡೆದ ಚೂರುಗಳು ಒಂದರ ಹಿಂದೊಂದು ಸಾಲುಗಟ್ಟಿದ್ದವು. ಜುಲೈ 16ರಿಂದ 22ರವರೆಗೆ ಅವು ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗದಲ್ಲಿ ಗುರುವಿಗೆ ಬಿದ್ದವು. ಆ ವೇಗ ಕೊಟ್ಟದ್ದೂ ಗುರುವಿನ ಸೆಳೆತವೇ. ಅಷ್ಟು ವೇಗದಲ್ಲಿ ನುಗ್ಗಿದರೆ ಬರೀ ಅನಿಲವೂ ಗೋಡೆಯಂತೆ ತಡೆಯುತ್ತದೆ. ಚೂರುಗಳು ಸಿಡಿದು ಬೆಂಕಿಯುಂಡೆಗಳು ಮೋಡಗಳಿಂದ ಮೇಲೆದ್ದವು. ‘ಜಿ’ ಎಂಬ ಚೂರು ಮೂಡಿಸಿದ ಕಪ್ಪು ಕಲೆ ಹೆಚ್ಚುಕಡಿಮೆ ಭೂಮಿಯಷ್ಟು ಅಗಲವಿತ್ತು.

ಕಲೆಗಳು ಮಾಯವಾದವು. ನೀರು ಉಳಿಯಿತು! ಗುರುವಿನ ಮೇಲ್ಪದರದಲ್ಲಿರುವ ನೀರಾವಿ ದಕ್ಷಿಣಾರ್ಧದಲ್ಲೇ ಹೆಚ್ಚಾಗಿದೆ ಎಂದು ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ ತೋರಿಸಿತು. ಚೂರುಗಳು ಬಿದ್ದದ್ದೂ ಅಲ್ಲಿಯೇ. ಆ ನೀರಿನಲ್ಲಿ ಶೇಕಡಾ 95ರಷ್ಟು ಧೂಮಕೇತು ತಂದದ್ದೆಂದು 2013ರಲ್ಲಿ ಲೆಕ್ಕ ಸಿಕ್ಕಿತು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ. ಗುರುವಿನ ಉಪಗ್ರಹ ಗ್ಯಾನಿಮೀಡ್ ಮೇಲೆ ಹದಿಮೂರು ಕುಳಿಗಳು ಗೆರೆ ಎಳೆದಂತೆ ಸಾಲಾಗಿವೆ. ಇಂಥದೇ ಒಡೆದ ಧೂಮಕೇತುವೊಂದು ಹಿಂದೆಂದೋ ಅಲ್ಲಿ ಬಿದ್ದಿರಬೇಕು.

ದೊಡ್ಡ ದೂರದರ್ಶಕಗಳು ಗುರುವನ್ನೇ ನೋಡುತ್ತ ಕೂರಲಾರವು. ಆ ಕಾವಲು ಹವ್ಯಾಸಿಗಳದು. ಈ ಮಾತನ್ನು ಗೌರವದಿಂದಲೇ ಹೇಳುತ್ತಿದ್ದೇನೆ. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಆಂಟನಿ ವೆಸ್ಲಿ ತಮ್ಮ ಮನೆಯ ದೂರದರ್ಶಕದಲ್ಲಿ ಹೊಸ ಕಪ್ಪು ಕಲೆ ಕಂಡರು. ಅವರು ಸುದ್ದಿ ಮುಟ್ಟಿಸಿದ ಮೇಲೆಯೇ ಹವಾಯಿಯ ದೊಡ್ಡ ದೂರದರ್ಶಕಗಳು ಅತ್ತ ತಿರುಗಿದವು. ಮರುವರ್ಷ ಜೂನ್ 3ರಂದು ಅವರ ವಿಡಿಯೊದಲ್ಲಿ ಒಂದೆರಡು ಸೆಕೆಂಡಿನ ಮಿಂಚು ಸೆರೆಯಾಯಿತು. ಫಿಲಿಪ್ಪೀನ್ಸ್‌ನ ಕ್ರಿಸ್ಟೋಫರ್ ಗೋ ಅವರ ವಿಡಿಯೊದಲ್ಲೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮಿಂಚಿತ್ತು. ಹಾಗಾಗಿ ಕ್ಯಾಮೆರಾದ ದೋಷವೆಂಬ ಅನುಮಾನ ಉಳಿಯಲಿಲ್ಲ. ಬಿದ್ದದ್ದು ಸುಮಾರು ಹತ್ತು ಮೀಟರ್‌ನ ಕಲ್ಲು. ಕೆಲವು ದಿನಗಳ ನಂತರ ಹಬಲ್ ಬಾಹ್ಯಾಕಾಶ ದೂರದರ್ಶಕ ನೋಡಿದಾಗ ಅಲ್ಲಿ ಕಲೆಯೇ ಇರಲಿಲ್ಲ; ಆ ಏಟಿಗೆ ಇರುವ ದಾಖಲೆ ಆ ಎರಡು ವಿಡಿಯೊಗಳು.