ಉಪ್ಪಾಗೆ ಸಿಪ್ಪೆ, ದಾಳಿಂಬೆ ಸಿಪ್ಪೆ ಮತ್ತು ನಮ್ಮ ಲಿವರ್

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಾಡಂಚಿನ ಮನೆಗಳಲ್ಲಿ ಉಪ್ಪಾಗೆ ಹಣ್ಣು ಒಡೆದು, ಸಿಪ್ಪೆಯನ್ನು ಬೆಂಕಿಯ ಕಾವಿಗೆ ಒಣಗಿಸುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ಇದೇ ಹಣ್ಣಿನ ರಸ ಕುದಿದು ಕುದಿದು ಕಪ್ಪು ಕಾಚಂಪುಳಿಯಾಗುತ್ತದೆ. ಕೇರಳದವರ ಮೀನು ಸಾರಿಗೆ ಇದೇ ಕುಡಂಪುಳಿ. ಈ ಸಿಪ್ಪೆ ಈಗ ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ಮಾತ್ರೆಯಾಗಿ ಡಬ್ಬಿಯೊಳಗೆ ಸೇರಿದೆ. ಕೊಬ್ಬು ಕರಗುತ್ತದೆ, ಆಂಟಿಆಕ್ಸಿಡೆಂಟ್ ಇದೆ, ಫ್ಯಾಟಿ ಲಿವರ್‌ಗೂ ಒಳ್ಳೆಯದು ಎಂಬ ಮಾತು ಅದರ ಜೊತೆಗೇ ಬಂದಿದೆ.

ನಂಬಿಕೆ: ಹಿರಿಯರು ತಿಂದ ಹುಳಿಯೇ ತಾನೆ, ಮಾತ್ರೆಯಲ್ಲಿ ತಿಂದರೆ ಏನಾದೀತು?

ಸಾರಿಗೆ ಹಾಕುವ ನಾಲ್ಕು ಎಸಳಿಗೂ ದಿನಕ್ಕೆ ಮೂರು ಹೊತ್ತು ನುಂಗುವ ಸಾರಸತ್ವಕ್ಕೂ ಬಹಳ ಅಂತರವಿದೆ. ಉಪ್ಪಾಗೆಯ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ಸಕ್ಕರೆಯ ಅಂಶ ಕೊಬ್ಬಾಗುವ ದಾರಿಯಲ್ಲಿ ಕೆಲಸ ಮಾಡುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ಆಮೇಲೆ ತಿಳಿಯಿತು. ತೂಕ ಇಳಿಸುವ ಆಸೆ ಹುಟ್ಟಿದ್ದು ಅಲ್ಲಿಂದ. ಆದರೆ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಉಪ್ಪಾಗೆ ಸಾರ ನುಂಗಿದವರ ತೂಕ ಹುಸಿ ಮಾತ್ರೆ ನುಂಗಿದವರಿಗಿಂತ ಹೆಚ್ಚು ಇಳಿಯಲಿಲ್ಲ.

ಲಾಭವಿಲ್ಲದಿದ್ದರೆ ಹೋಗಲಿ ಎನ್ನುವಂತೆಯೂ ಇಲ್ಲ. ಔಷಧ ಮತ್ತು ಪೂರಕಗಳಿಂದ ಲಿವರ್ ಕೆಟ್ಟವರನ್ನು ದಾಖಲಿಸುವ ಅಮೆರಿಕದ ತಜ್ಞರ ಜಾಲವೊಂದು ಗಾರ್ಸೀನಿಯಾಕ್ಕೆ ಸಂಬಂಧಿಸಿದ 22 ಪ್ರಕರಣಗಳನ್ನು 2022ರಲ್ಲಿ ವಿವರಿಸಿತು. ಅವರಲ್ಲಿ 5 ಜನ ಅದನ್ನೊಂದನ್ನೇ ತೆಗೆದುಕೊಂಡವರು, 16 ಜನ ಗ್ರೀನ್ ಟೀ ಸಾರದ ಜೊತೆಗೆ ತೆಗೆದುಕೊಂಡವರು. ಒಂದು ನಿರ್ದಿಷ್ಟ ವಂಶವಾಹಿ ಗುರುತು ಇರುವವರಿಗೆ ಅಪಾಯ ಹೆಚ್ಚು. ಹಾಗಾಗಿ ಹತ್ತು ಜನಕ್ಕೆ ಏನೂ ಆಗದೆ ಹನ್ನೊಂದನೆಯವರಿಗೆ ಕಾಮಾಲೆ ಬರಬಹುದು. ‘ನಮ್ಮ ಅಕ್ಕ ತಗೊಂಡಳು, ಏನೂ ಆಗಲಿಲ್ಲ’ ಎಂಬ ಮಾತು ನಿಮ್ಮನ್ನು ಕಾಯುವುದಿಲ್ಲ.

ನಂಬಿಕೆ: ದಾಳಿಂಬೆ ಸಿಪ್ಪೆ, ದ್ರಾಕ್ಷಿ ಬೀಜ ಲಿವರನ್ನು ರಕ್ಷಿಸುತ್ತವೆಂದು ಪ್ರಯೋಗದಲ್ಲೇ ಸಾಬೀತಾಗಿದೆ.

ಸಾಬೀತಾಗಿರುವುದು ಬಹುಮಟ್ಟಿಗೆ ಇಲಿಗಳಲ್ಲಿ. ಆ ಪ್ರಯೋಗ ನಡೆಯುವ ರೀತಿಯನ್ನು ತಿಳಿದುಕೊಳ್ಳಬೇಕು. ಇಲಿಗೆ ಕೆಲವು ದಿನ ಸಿಪ್ಪೆಯ ಸಾರ ಕುಡಿಸಿ, ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಟ್ಟು, ಹಾನಿ ಎಷ್ಟು ತಗ್ಗಿತೆಂದು ನೋಡುತ್ತಾರೆ. ಆ ವಿಷ ಲಿವರನ್ನು ಕೆಡಿಸುವುದೇ ಫ್ರೀ ರ‍್ಯಾಡಿಕಲ್‌ಗಳ ಮೂಲಕ. ಅಲ್ಲಿ ಆಂಟಿಆಕ್ಸಿಡೆಂಟ್ ಗೆಲ್ಲುವುದು ಸಹಜ. ನಮ್ಮ ಲಿವರ್ ಕೆಡುವುದು ಹೆಚ್ಚಾದ ಊಟ, ಸಕ್ಕರೆ ಕಾಯಿಲೆ, ಹೆಂಡ, ವೈರಸ್‌ಗಳಿಂದ. ಇನ್ನು ದಾಳಿಂಬೆ ಸಿಪ್ಪೆಯ ಪ್ಯುನಿಕಲಾಜಿನ್ ದೊಡ್ಡ ಅಣು; ಇದ್ದಂತೆಯೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರುಳಿನ ಬ್ಯಾಕ್ಟೀರಿಯಾಗಳು ಅದರಿಂದ ಯುರೋಲಿಥಿನ್ ಎಂಬ ಸಣ್ಣ ಅಣುಗಳನ್ನು ಮಾಡಬೇಕು. ಆ ಶಕ್ತಿ ಎಲ್ಲರ ಕರುಳಿಗೂ ಒಂದೇ ಸಮ ಇರುವುದಿಲ್ಲ.

ನಂಬಿಕೆ: ಆಂಟಿಆಕ್ಸಿಡೆಂಟ್ ಎಷ್ಟಿದ್ದರೂ ಒಳ್ಳೆಯದೇ.

1994ರಲ್ಲಿ ಫಿನ್ಲೆಂಡಿನಿಂದ ಬಂದ ಸುದ್ದಿ ಇದಕ್ಕೆ ಉತ್ತರ. 29,133 ಧೂಮಪಾನಿಗಳ ಮೇಲೆ ನಡೆದ ಆ ಅಧ್ಯಯನದಲ್ಲಿ, ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಲಿವರ್ ತನಗೆ ಬೇಕಾದ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ವಿಪರೀತ ಪ್ಯಾರಾಸಿಟಮಾಲ್ ನುಂಗಿ ಅದು ಬರಿದಾದಾಗ ಆಸ್ಪತ್ರೆಯಲ್ಲಿ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ಜೀವ ಉಳಿಸುತ್ತದೆ, ನಿಜ. ಸಕ್ಕರೆ ಕಾಯಿಲೆ ಇಲ್ಲದ, ಫ್ಯಾಟಿ ಲಿವರ್ ಉರಿಯೂತಕ್ಕೆ ತಿರುಗಿದ ಕೆಲವರಿಗೆ ವಿಟಮಿನ್ ಇ ನೆರವಾದದ್ದನ್ನು 2010ರ ಅಧ್ಯಯನ ತೋರಿಸಿದೆ. ಇವೆರಡೂ ರೋಗ ಗೊತ್ತಾದ ಮೇಲೆ, ಅಳತೆ ನೋಡಿ, ವೈದ್ಯರು ಕೊಡುವಂಥವು.

ಹಾಗೆಂದು ಸಿಪ್ಪೆಯನ್ನೆಲ್ಲ ತಿಪ್ಪೆಗೆ ಎಸೆಯಿರಿ ಎನ್ನುತ್ತಿಲ್ಲ. ಮುರುಗಲು ಸಿಪ್ಪೆಯ ಪಾನಕ ಕುಡಿಯಿರಿ, ಕಾಚಂಪುಳಿ ಹಾಕಿ ಅಡುಗೆ ಮಾಡಿ. ಅವು ರುಚಿಗೆ, ಊಟಕ್ಕೆ. ಲಿವರಿನ ಕೊಬ್ಬು ಇಳಿಸಲು ದಾರಿ ಬೇರೆ: ತೂಕ ಹೆಚ್ಚಿರುವವರು ಅದರಲ್ಲಿ ಶೇ. 7ರಿಂದ 10ರಷ್ಟನ್ನು ನಿಧಾನವಾಗಿ ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಹೆಂಡ ಬಿಡಬೇಕು, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಬೇಕು.

ಈಗಾಗಲೇ ಇಂಥ ಮಾತ್ರೆ ನುಂಗುತ್ತಿರುವವರಲ್ಲಿ ಒಂದು ವಿನಂತಿ. ಮೂತ್ರ ಗಾಢ ಹಳದಿಯಾದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ವಾಕರಿಕೆ ಬಂದರೆ, ಅವತ್ತೇ ಮಾತ್ರೆ ನಿಲ್ಲಿಸಿ. ಡಾಕ್ಟರ ಬಳಿ ಹೋಗುವಾಗ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.