ಪಂಚಾಯಿತಿಗೆ ಹಣ ಬರುವ ದಾರಿ: ಚಿಕ್ಕಬಳ್ಳಾಪುರದ ನಾಲ್ಕು ತಾಲ್ಲೂಕುಗಳೂ ನಮ್ಮ ಮಲೆನಾಡೂ



ಕಾಫಿ, ಅಡಿಕೆ ಬೆಳೆಯುವ ನಮಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಪರಿಚಯ ಅಷ್ಟಾಗಿ ಇಲ್ಲ. ದ್ರಾಕ್ಷಿ, ಟೊಮೇಟೊ, ರೇಷ್ಮೆಗೂಡಿನ ಸೀಮೆ ಅದು. ಎತ್ತಿನಹೊಳೆ ಯೋಜನೆಯ ದೆಸೆಯಿಂದ ಮಾತ್ರ ಆ ಹೆಸರುಗಳು ನಮ್ಮ ಕಡೆಯ ಮಾತುಕತೆಯಲ್ಲಿ ಬರತೊಡಗಿವೆ. ಅದರ ಮೊದಲ ಹಂತದ ಪಂಪುಗಳಿಗೆ ಸಕಲೇಶಪುರ ತಾಲ್ಲೂಕಿನಲ್ಲಿ 2024ರ ಸೆಪ್ಟೆಂಬರ್ 6ರಂದು ಚಾಲನೆ ಕೊಟ್ಟರು. ನೀರು ಕೊನೆಗೆ ಮುಟ್ಟಬೇಕಾದದ್ದು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳನ್ನು. ಆ ಯೋಜನೆಯ ಸರಿತಪ್ಪುಗಳ ಚರ್ಚೆಗೆ ಬೇರೆ ಸಂಚಿಕೆಯೇ ಬೇಕು, ಇಲ್ಲಿ ಅದು ಬೇಡ.

ಕಳೆದ ವಾರ್ಷಿಕ ಸಭೆಯಲ್ಲಿ ಕೆಲವು ಸದಸ್ಯರು ಎತ್ತಿದ ಪ್ರಶ್ನೆ ಬೇರೆಯದು. ತೋಟದ ರಸ್ತೆಯ ಮೋರಿ ಕೊಚ್ಚಿಹೋಗಿ ಎರಡು ಮಳೆಗಾಲ ಕಳೆದರೂ ಪಂಚಾಯಿತಿಯವರು ಹಣವಿಲ್ಲ ಎನ್ನುತ್ತಾರಲ್ಲ, ಸರ್ಕಾರ ಕೊಟ್ಟೆನೆಂದು ಹೇಳುವ ಹಣ ಹೋಗುವುದೆಲ್ಲಿಗೆ? ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ಆ ಬಯಲುಸೀಮೆಯ ತಾಲ್ಲೂಕುಗಳ ಕಥೆಯೂ ನಮ್ಮ ಕಥೆಯೂ ಒಂದೇ ಕಡೆ ಬಂದು ಸೇರುತ್ತವೆ. ಅಲ್ಲಿ ನೀರಿಲ್ಲದ್ದರಿಂದ ಖರ್ಚು, ಇಲ್ಲಿ ನೀರು ಹೆಚ್ಚಾದ್ದರಿಂದ ಖರ್ಚು. ಹಣ ಹಂಚುವ ಅಳತೆಗೋಲು ಮಾತ್ರ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲು ಪಂಚಾಯಿತಿಯ ಸ್ವಂತ ಆದಾಯ ನೋಡೋಣ. 1993ರ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯು ಕಟ್ಟಡಗಳ ಮೇಲೂ ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ಮೇಲೂ ತೆರಿಗೆ ಹಾಕಬಹುದು. ನೀರಿನ ದರ, ಲೈಸೆನ್ಸ್ ಶುಲ್ಕ ವಸೂಲು ಮಾಡಬಹುದು. ದರದ ಮಿತಿ ಗೊತ್ತುಮಾಡುವುದು ಸರ್ಕಾರ. ಅಂದರೆ ನಮ್ಮ ತೋಟ ಎಷ್ಟೇ ಎಕರೆಯಿದ್ದರೂ ಪಂಚಾಯಿತಿಗೆ ಸಿಗುವುದು ಮನೆ, ಲೈನ್ ಮನೆ, ಗೋದಾಮುಗಳ ತೆರಿಗೆ ಮಾತ್ರ. ಶಿಡ್ಲಘಟ್ಟದಲ್ಲೂ ಹಾಗೆಯೇ. ಹಿಪ್ಪುನೇರಳೆ ಬೆಳೆಯುವುದು, ಹುಳು ಸಾಕುವುದು ಹಳ್ಳಿಯಲ್ಲಿ. ಗೂಡು ಮಾರುವುದು ಸರ್ಕಾರಿ ಮಾರುಕಟ್ಟೆಯಲ್ಲಿ. ಅಲ್ಲಿನ ಶುಲ್ಕ ಹೋಗುವುದು ರೇಷ್ಮೆ ಇಲಾಖೆಗೆ. ಚಿಂತಾಮಣಿಯ ಟೊಮೇಟೊ ಲಾರಿಗಳು ಹಳ್ಳಿಯ ರಸ್ತೆಯನ್ನೇ ಸವೆಸಿ ಹೋಗುತ್ತವೆ, ಮಾರುಕಟ್ಟೆ ಶುಲ್ಕ ಎ.ಪಿ.ಎಂ.ಸಿ.ಗೆ. ಅಡಿಕೆ ಮಂಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಬಳ್ಳಾಪುರ ಸುತ್ತಿನ ಕಲ್ಲುಕ್ವಾರಿಗಳದ್ದೂ ಇದೇ ಬಗೆ: ಗುತ್ತಿಗೆ ಕೊಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ, ರಾಜಧನ ಸರ್ಕಾರದ ಖಜಾನೆಗೆ, ದೂಳೂ ಸಿಡಿತವೂ ಊರಿನ ಪಾಲಿಗೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಗೊಂಡು ಆರು ಜನ ಸತ್ತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ.

ಸ್ವಂತ ಆದಾಯ ಇಷ್ಟೇ ಆದ್ದರಿಂದ ಉಳಿದದ್ದಕ್ಕೆಲ್ಲ ಮೇಲಿನವರ ಕಡೆ ನೋಡಬೇಕು. ಮೇಲೆ ಇರುವವರು ಇಬ್ಬರು, ಬೆಂಗಳೂರು ಮತ್ತು ದಿಲ್ಲಿ.

ಬೆಂಗಳೂರಿನ ಪಾಲು ಎಷ್ಟಿರಬೇಕೆಂದು ಹೇಳುವುದು ರಾಜ್ಯ ಹಣಕಾಸು ಆಯೋಗದ ಕೆಲಸ. ಸಂವಿಧಾನಕ್ಕೆ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಐದು ವರ್ಷಕ್ಕೊಮ್ಮೆ ರಾಜ್ಯಪಾಲರು ಇಂಥ ಆಯೋಗ ರಚಿಸಬೇಕೆಂದು ಅದರಲ್ಲಿಯೇ ಬರೆಯಲಾಯಿತು. ನಮ್ಮಲ್ಲಿ ಮೊದಲನೆಯದು 1994ರಲ್ಲಿ, ಎರಡನೆಯದು 2000ದಲ್ಲಿ, ಮೂರನೆಯದು 2006ರಲ್ಲಿ ಬಂದವು. ನಾಲ್ಕನೆಯದಕ್ಕೆ 2015ರವರೆಗೂ, ಐದನೆಯದಕ್ಕೆ 2023ರವರೆಗೂ ಕಾಯಬೇಕಾಯಿತು. ಐದು ವರ್ಷ ಎಂದರೆ ಒಂಬತ್ತು, ಎಂಟು ಎಂದೂ ಅರ್ಥವಾಗುತ್ತದೆಂದು ಕಾಣುತ್ತದೆ. ಮೊದಲ ಆಯೋಗ ರಾಜ್ಯದ ಸಾಲೇತರ ಸ್ವಂತ ರಾಜಸ್ವದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಶೇಕಡಾ 36 ಎಂದಿತು. ಎರಡನೆಯದು 40, ಮೂರನೆಯದು 33, ನಾಲ್ಕನೆಯದು 48. ಲೆಕ್ಕದ ತಳಹದಿ ಒಮ್ಮೆ ಒಟ್ಟು ರಾಜಸ್ವ, ಮತ್ತೊಮ್ಮೆ ನಿವ್ವಳ ರಾಜಸ್ವ ಆಗಿರುವುದರಿಂದ ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಾರದು.

ಅರ್ಧದಷ್ಟು ಹಣ ಹಳ್ಳಿ, ಪಟ್ಟಣಗಳಿಗೇ ಬರುತ್ತದೆಯೆ ಎಂದು ಯಾರಾದರೂ ಹುಬ್ಬೇರಿಸಬಹುದು. ಇಲ್ಲಿ ಎರಡು ವಿಷಯ ತಿಳಿದಿರಬೇಕು. ಆಯೋಗ ಹೇಳುವುದು ಶಿಫಾರಸು ಮಾತ್ರ. ಒಪ್ಪುವುದು ಬಿಡುವುದು ಸರ್ಕಾರದ ಇಚ್ಛೆ. ಇನ್ನೊಂದು, ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಲೆಕ್ಕದಲ್ಲಿ ಕೊಟ್ಟಿದ್ದೇವೆ ಎಂದು ತೋರಿಸುವ ಹಣದ ದೊಡ್ಡ ಭಾಗ ಶಾಲಾ ಉಪಾಧ್ಯಾಯರು ಮೊದಲಾದ ಇಲಾಖಾ ನೌಕರರ ಸಂಬಳ. ಅದು ಬಂದ ಬಾಗಿಲಿನಿಂದಲೇ ಹೊರಟುಹೋಗುತ್ತದೆ. ಮೋರಿ ಕಟ್ಟಲು, ಪೈಪು ಹಾಕಲು ಉಳಿಯುವುದು ಕೊಸರು.

ಇನ್ನು ದಿಲ್ಲಿಯ ಹಣ. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗಿನ ಐದು ವರ್ಷಗಳಿಗೆ ಇಡೀ ದೇಶದ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಗೊತ್ತುಮಾಡಿತು. ಅದರಲ್ಲಿ ಶೇಕಡಾ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದ 40ರಲ್ಲಿ ಮಾತ್ರ ಪಂಚಾಯಿತಿ ತನ್ನ ಇಚ್ಛೆಯಂತೆ ಕೆಲಸ ಹಿಡಿಯಬಹುದಿತ್ತು, ಅದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ರಾಜ್ಯ ರಾಜ್ಯಗಳ ನಡುವೆ ಇದನ್ನು ಹಂಚಿದ ಸೂತ್ರ: ಜನಸಂಖ್ಯೆಗೆ 90, ವಿಸ್ತೀರ್ಣಕ್ಕೆ 10. ರಾಜ್ಯದ ಒಳಗೂ ಮುಖ್ಯ ಅಳತೆ ತಲೆಎಣಿಕೆಯೇ.

ಈ ತಲೆಎಣಿಕೆಯಿಂದ ಆಗುವುದೇನು? ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 150ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. ನಂದಿಬೆಟ್ಟದ ಸುತ್ತಿನಲ್ಲಿ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿ ಹುಟ್ಟುತ್ತವೆ, ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಅಂತರ್ಜಲವನ್ನು ಮಿತಿಮೀರಿ ಬಳಸಿದ ಪ್ರದೇಶವೆಂದು ಕೇಂದ್ರ ಅಂತರ್ಜಲ ಮಂಡಳಿ ಅದನ್ನು ಗುರುತಿಸಿದೆ. ಕೊಳವೆಬಾವಿ ಸಾವಿರ ಅಡಿ ದಾಟಿ ಇಳಿಯುತ್ತದೆ. ಅಷ್ಟು ಆಳದಿಂದ ಊರಿನ ನೀರೆತ್ತುವ ಮೋಟಾರಿನ ಕರೆಂಟು, ಸುಟ್ಟ ಮೋಟಾರಿನ ರಿಪೇರಿ, ಫ್ಲೋರೈಡ್ ತೆಗೆಯುವ ಘಟಕ, ಬೇಸಗೆಯ ಟ್ಯಾಂಕರು, ನೀರುಗಂಟಿಯ ಸಂಬಳ ಎಲ್ಲವೂ ಗ್ರಾಮ ಪಂಚಾಯಿತಿಯ ತಲೆಗೆ. ನಮ್ಮ ಎಷ್ಟೋ ಊರುಗಳಲ್ಲಿ ಗುಡ್ಡದ ಝರಿಯಿಂದ ಪೈಪು ಎಳೆದರೆ ನೀರು ತಾನೇ ಇಳಿದು ಬರುತ್ತದೆ. ಎರಡು ಪಂಚಾಯಿತಿಗಳ ಜನಸಂಖ್ಯೆ ಒಂದೇ ಆದರೆ ಅನುದಾನವೂ ಹೆಚ್ಚುಕಡಿಮೆ ಒಂದೇ. ರಾಜ್ಯದ ಗ್ರಾಮ ಪಂಚಾಯಿತಿಗಳು ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಂಡಿರುವ ಬಾಕಿ ಸಾವಿರಾರು ಕೋಟಿ ರೂಪಾಯಿ ಎಂದು ಕೇಳಿದಾಗ, ಪಂಚಾಯಿತಿಗಳ ಅಶಿಸ್ತು ಎಂದು ಬೈಯುವ ಮೊದಲು ಆ ಆಳವನ್ನು ನೆನೆಯಬೇಕು. 2019ರಿಂದ ಜಲಜೀವನ ಯೋಜನೆಯಲ್ಲಿ ಮನೆಮನೆಗೆ ನಲ್ಲಿ ಬಂದದ್ದು ಸಂತೋಷವೇ; ನಲ್ಲಿ ಹಾಕಿಸಿದ್ದು ಕೇಂದ್ರ, ರಾಜ್ಯಗಳು, ಅದನ್ನು ಪ್ರತಿದಿನ ನಡೆಸಬೇಕಾದದ್ದು ಪಂಚಾಯಿತಿ.

ಇನ್ನು ನಮ್ಮ ಕಡೆ. ಇಲ್ಲಿ ಜನ ಕಡಿಮೆ, ಮನೆಗಳು ಚದುರಿದವು, ರಸ್ತೆ ಉದ್ದ. ನೂರು ಇಂಚಿನ ಮಳೆಗೆ ಒಂದು ವರ್ಷ ಹಾಕಿದ ಡಾಂಬರು ಮುಂದಿನ ವರ್ಷ ಹಳ್ಳದಲ್ಲಿ. ಒಂದು ಸ್ವಾರಸ್ಯವೆಂದರೆ, 1993ರ ಅಧಿನಿಯಮವೇ ಮಲೆನಾಡಿನ ಈ ಕಷ್ಟವನ್ನು ಒಪ್ಪಿಕೊಂಡಿದೆ. ಸಾಮಾನ್ಯವಾಗಿ 5,000ದಿಂದ 7,000 ಜನಕ್ಕೆ ಒಂದು ಗ್ರಾಮ ಪಂಚಾಯಿತಿ ಎಂದು ಹೇಳಿ, ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಬೆಳಗಾವಿ ಜಿಲ್ಲೆಗಳಲ್ಲಿ 2,500 ಜನಕ್ಕೂ ಆಗಬಹುದೆಂದು ವಿನಾಯಿತಿ ಕೊಟ್ಟಿತು. ಪಂಚಾಯಿತಿ ಕಟ್ಟುವಾಗ ಕಂಡ ಭೂಗೋಳ ಹಣ ಹಂಚುವಾಗ ಏಕೆ ಕಾಣಬಾರದು? ಶಿಡ್ಲಘಟ್ಟದವರು ಕೊಳವೆಬಾವಿಯ ಆಳ ಲೆಕ್ಕಕ್ಕೆ ಬರಲಿ ಎಂದು ಕೇಳುವುದೂ, ನಾವು ಮಳೆಯ ಪ್ರಮಾಣ ಮತ್ತು ರಸ್ತೆಯ ಉದ್ದ ಲೆಕ್ಕಕ್ಕೆ ಬರಲಿ ಎಂದು ಕೇಳುವುದೂ ಒಂದೇ ನ್ಯಾಯ. ನೀರಿನ ವಿಷಯದಲ್ಲಿ ಎದುರುಬದುರು ನಿಂತಂತೆ ಕಾಣುವ ಎರಡು ಸೀಮೆಗಳು ಇದೊಂದು ವಿಷಯದಲ್ಲಿ ಒಂದೇ ಅರ್ಜಿಗೆ ಸಹಿ ಹಾಕಬಹುದು.

ಈ ವಾದ ನಮ್ಮ ರಾಜ್ಯ ಸರ್ಕಾರಕ್ಕೆ ಹೊಸದೇನೂ ಅಲ್ಲ. ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ 14ನೇ ಆಯೋಗ ಕರ್ನಾಟಕಕ್ಕೆ ಕೊಟ್ಟಿದ್ದ ಶೇಕಡಾ 4.713 ಪಾಲು 15ನೇ ಆಯೋಗದ ಕಾಲಕ್ಕೆ 3.647ಕ್ಕೆ ಇಳಿಯಿತು. ಸೂತ್ರ ನಮ್ಮ ಸ್ಥಿತಿಗೆ ಹೊಂದುವುದಿಲ್ಲ, ನಾವು ಕಟ್ಟುವುದಕ್ಕೂ ಪಡೆಯುವುದಕ್ಕೂ ತಾಳೆಯಿಲ್ಲ ಎಂದು ಮುಖ್ಯಮಂತ್ರಿಗಳೂ ಮಂತ್ರಿಗಳೂ 2024ರ ಫೆಬ್ರವರಿ 7ರಂದು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. 16ನೇ ಆಯೋಗದ ಮುಂದೆಯೂ ಇದನ್ನೇ ಮಂಡಿಸಿದರು. ಪಕ್ಷದ ಮಾತು ಬದಿಗಿರಲಿ, ವಾದದಲ್ಲಿ ತೂಕವಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಅದೇ ಮಾತನ್ನು ಗೌರಿಬಿದನೂರಿನ ಪಂಚಾಯಿತಿ ಅಧ್ಯಕ್ಷರೊಬ್ಬರು ವಿಧಾನಸೌಧದ ಮುಂದೆ ಹೇಳಿದರೆ ಅದಕ್ಕೂ ಅಷ್ಟೇ ತೂಕವಿರಬೇಕಲ್ಲವೆ? ದಿಲ್ಲಿಯಲ್ಲಿ ಕೈಚಾಚಿ ನಿಂತವರು ಬೆಂಗಳೂರಿಗೆ ಮರಳಿದ ಮೇಲೆ ಮುಷ್ಟಿ ಬಿಗಿಹಿಡಿದರೆ ವಾದ ತನ್ನಷ್ಟಕ್ಕೆ ಸಡಿಲವಾಗುತ್ತದೆ.

ಮುಷ್ಟಿ ಬಿಗಿಹಿಡಿದದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಚುನಾವಣೆ. ಹಿರಿಯ ಸದಸ್ಯರಿಗೆ 1987ರ ಜನವರಿಯ ಚುನಾವಣೆ ನೆನಪಿರಬಹುದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯಿದೆಯಂತೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಆದವು. ಈ ನಾಲ್ಕು ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಅವಧಿ ಮುಗಿದಾಗ, 1992ರಲ್ಲಿ, ಹೊಸ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕುಳಿತರು. ಹಾಗಾಗಬಾರದೆಂದೇ 73ನೇ ತಿದ್ದುಪಡಿಯಲ್ಲಿ ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಎಂದು ಕಟ್ಟುಮಾಡಿದ್ದು. ಆದರೂ 2021ರ ಬೇಸಗೆಯಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಬಳಿಕ ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಳೇ ಉರುಳಿದವು. ಎರಡು ಪಕ್ಷಗಳ ಸರ್ಕಾರಗಳೂ ಇದರಲ್ಲಿ ಪಾಲುದಾರರು. ಇದರ ನಷ್ಟ ಮಾತಿನದ್ದಲ್ಲ, ಹಣದ್ದು: ಚುನಾಯಿತ ಮಂಡಳಿ ಇಲ್ಲದ ಸಂಸ್ಥೆಗೆ ಹಣಕಾಸು ಆಯೋಗದ ಅನುದಾನವನ್ನು ಕೇಂದ್ರ ಬಿಡುಗಡೆ ಮಾಡುವುದಿಲ್ಲ. ಹೀಗೆ ತಾಲ್ಲೂಕು, ಜಿಲ್ಲಾ ಹಂತದ ಪಾಲಿಗೆ ತಡೆ ಬಿತ್ತು. ದಿಲ್ಲಿ ಕಡಿಮೆ ಕೊಡುತ್ತದೆ ಎನ್ನುವವರೇ ದಿಲ್ಲಿ ಕೊಡುವುದನ್ನೂ ತೆಗೆದುಕೊಳ್ಳದಂತೆ ಮಾಡಿದರು.

ಹಣದಂತೆಯೇ ಅಧಿಕಾರವೂ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿಮಾಡಿ ಹೆಬ್ಬಾಳ-ನಾಗವಾರ ಯೋಜನೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೂ, ಕೋರಮಂಗಲ-ಚಲ್ಲಘಟ್ಟ ಯೋಜನೆಯಿಂದ ಕೋಲಾರದ ಜೊತೆಗೆ ಚಿಂತಾಮಣಿಯ ಕೆಲವು ಕೆರೆಗಳಿಗೂ ತುಂಬಿಸುತ್ತಿದ್ದಾರೆ. ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿದೆಯೆಂದು ಸಂತೋಷಪಡುವ ರೈತರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಬಹುಕಾಲದಿಂದ ಪಟ್ಟು ಹಿಡಿದಿದ್ದಾರೆ. ಯಾರದು ಸರಿ ಎಂಬುದನ್ನು ಪ್ರಯೋಗಾಲಯ ಹೇಳಬೇಕು. ನಾನು ಹೇಳಬಯಸುವುದು ಇಷ್ಟೆ: ಯೋಜನೆ ಸಣ್ಣ ನೀರಾವರಿ ಇಲಾಖೆಯದು, 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳೂ ಅದರವೇ. ಆ ಕೆರೆಯ ಪಕ್ಕದ ಬಾವಿಯಿಂದ ಊರಿಗೆ ಕುಡಿಯುವ ನೀರು ಕೊಡಬೇಕಾದ ಗ್ರಾಮ ಪಂಚಾಯಿತಿಗೆ ಇದರಲ್ಲಿ ಬೇಕು, ಬೇಡ ಎನ್ನುವ ಹಕ್ಕಿಲ್ಲ.

ಪಕ್ಕದ ಕೇರಳದಲ್ಲಿ ಇಷ್ಟು ಬಿಗಿಯಿಲ್ಲ. ಅಲ್ಲಿನ ಸರ್ಕಾರ 1996ರಲ್ಲಿ ಯೋಜನಾ ಹಣದ ಶೇಕಡಾ 35ರಿಂದ 40 ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡಲು ನಿಶ್ಚಯಿಸಿತು. ಒಂದೊಂದು ಪಂಚಾಯಿತಿಗೂ ಎಷ್ಟೆಂಬುದನ್ನು ಬಜೆಟ್ಟಿನ ಅನುಬಂಧದಲ್ಲೇ ಅಚ್ಚು ಹಾಕುವ ಪದ್ಧತಿ ತಂದಿತು. ಕಾಸರಗೋಡಿನಲ್ಲಿ ಅಡಿಕೆ ತೋಟವಿರುವ ನೆಂಟರಿದ್ದರೆ ಕೇಳಿ ನೋಡಿ. ತಮ್ಮ ಪಂಚಾಯಿತಿಗೆ ಬರಬೇಕಾದ ಮೊತ್ತ ಅಲ್ಲಿ ಗುಟ್ಟಿನ ವಿಷಯವಲ್ಲ.

ನಮ್ಮ ಸದಸ್ಯರು ಸದ್ಯ ಮಾಡಬಹುದಾದದ್ದು: ಮುಂದಿನ ಗ್ರಾಮ ಸಭೆಗೆ ತಪ್ಪದೆ ಹೋಗಿ, ಕಳೆದ ಸಾಲಿನಲ್ಲಿ ಬಂದ ನಿರ್ಬಂಧಿತ ಹಣ ಎಷ್ಟು, ಮುಕ್ತ ಹಣ ಎಷ್ಟು, ವಿದ್ಯುತ್ ಬಿಲ್ಲಿಗೆ ಹೋದದ್ದೆಷ್ಟು, ವಸೂಲಾಗದ ಮನೆತೆರಿಗೆ ಎಷ್ಟು ಎಂಬ ನಾಲ್ಕು ಅಂಕಿಗಳನ್ನು ಕೇಳಿ ಬರೆದುಕೊಳ್ಳಿ. ಕೊನೆಯ ಅಂಕಿಯಲ್ಲಿ ನಮ್ಮ ಲೈನ್ ಮನೆಗಳ ಬಾಕಿಯೂ ಇದ್ದರೆ ಅದನ್ನು ಮೊದಲು ಕಟ್ಟಿಬಿಡುವುದು ಒಳ್ಳೆಯದು, ಮಾತಾಡಲು ಬಾಯಿ ಬರುತ್ತದೆ. ಪಂಚಾಯಿತಿ ವ್ಯಾಪ್ತಿಯ ರಸ್ತೆಯ ಉದ್ದ, ಕೊಚ್ಚಿಹೋದ ಮೋರಿಗಳ ಸಂಖ್ಯೆ, ನಿಮ್ಮ ತೋಟದ ಮಳೆ ಲೆಕ್ಕದ ಪುಸ್ತಕದಿಂದ ಹಿಂದಿನ ಐದು ವರ್ಷದ ಇಂಚುಗಳನ್ನು ಸೇರಿಸಿ ಸಂಘದ ಕಚೇರಿಗೆ ತಲುಪಿಸಿದರೆ ಎಲ್ಲವನ್ನೂ ಒಟ್ಟುಮಾಡಿ ಸರ್ಕಾರಕ್ಕೆ ಮನವಿ ಸಿದ್ಧಪಡಿಸಲಾಗುವುದು. ನಮೂನೆಯ ಹಾಳೆ ಕಚೇರಿಯಲ್ಲಿ ಬೆಳಿಗ್ಗೆ ಹತ್ತರಿಂದ ದೊರೆಯುತ್ತದೆ.